ಭಾನುವಾರದ ಪ್ರಯಾಣಿಕರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಗೆ,
ನಮ್ಮ ಮೆಟ್ರೋ ಮತ್ತು ಬಿಎಂಟಿಸಿಯ ವ್ಯವಸ್ಥಾಪಕ ನಿರ್ದೇಶಕರು ಹಾಗೂ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳು, ಬೆಂಗಳೂರು.

ಮಾನ್ಯರೇ,

ನಿಮಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಕಚೇರಿಗೆ ಹೋಗಿಬರುವವರದೇ ಇರಬೇಕು. ಬೆಳಗಿನ ನೂಕುನುಗ್ಗಲು, ಸಂಜೆ ತುಂಬಿ ತುಳುಕುವ ಬಸ್ಸು, ಬದಲಾವಣೆ ನಿಲ್ದಾಣದ ಉದ್ದನೆಯ ಸಾಲು. ಆ ದೂರುಗಳೆಲ್ಲ ನ್ಯಾಯವಾದವೇ. ನಾನು ಬರೆಯುತ್ತಿರುವುದು ಬೇರೊಂದು ಬಗೆಯ ಪ್ರಯಾಣಿಕರ ಪರವಾಗಿ. ವಾರವೆಲ್ಲ ದುಡಿದು, ಸಿಕ್ಕ ಒಂದು ರಜೆಯಲ್ಲಿ ಮಕ್ಕಳ ಕೈ ಹಿಡಿದು, ಅಜ್ಜಿಯನ್ನೂ ಹೊರಡಿಸಿಕೊಂಡು, ಚೀಲದಲ್ಲಿ ಚಿತ್ರಾನ್ನದ ಡಬ್ಬಿಯನ್ನೂ ನೀರಿನ ಬಾಟಲಿಯನ್ನೂ ಇಟ್ಟುಕೊಂಡು ಊರು ನೋಡಲು ಹೊರಡುವ ಕುಟುಂಬಗಳ ಪರವಾಗಿ.

ನಾನು ದಾಸರಹಳ್ಳಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನನ್ನ ತರಗತಿಯ ಮಕ್ಕಳ ತಂದೆ ತಾಯಂದಿರಲ್ಲಿ ಹೆಚ್ಚಿನವರು ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ಕೆಲಸ ಮಾಡುವವರು. ಕಾರು ಇರುವ ಮನೆ ಅಪರೂಪ. ಒಂದೇ ಬೈಕಿನ ಮೇಲೆ ನಾಲ್ವರು ಹೋಗುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಹಾಗಾಗಿ ಈ ಮಕ್ಕಳ ಪಾಲಿಗೆ ಬೆಂಗಳೂರೆಂದರೆ ಮನೆ, ಶಾಲೆ, ಮೂಲೆಯ ಅಂಗಡಿ, ಹಬ್ಬಕ್ಕೊಮ್ಮೆ ಯಾವುದಾದರೂ ಮಾಲ್. ಸೋಮವಾರ ಬೆಳಗ್ಗೆ "ನಿನ್ನೆ ಎಲ್ಲಿಗೆ ಹೋಗಿದ್ದಿರಿ?" ಎಂದು ಕೇಳಿದರೆ ಬಹಳಷ್ಟು ಮಕ್ಕಳು ಸುಮ್ಮನೆ ತಲೆಯಾಡಿಸುತ್ತಾರೆ. ಲಾಲ್‌ಬಾಗ್ ನೋಡದ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ದಾಸರಹಳ್ಳಿ ನಿಲ್ದಾಣದಲ್ಲಿ ಹಸಿರು ಮಾರ್ಗದ ರೈಲು ಹತ್ತಿದರೆ, ಎಲ್ಲೂ ಬದಲಾಯಿಸದೆ ಲಾಲ್‌ಬಾಗ್ ನಿಲ್ದಾಣದಲ್ಲೇ ಇಳಿಯಬಹುದು. ಇಷ್ಟು ಸಲೀಸಾದ ದಾರಿ ಇದ್ದೂ ಮಕ್ಕಳು ಅಲ್ಲಿಗೆ ಹೋಗಿಲ್ಲ ಎಂಬುದೇ ಈ ಪತ್ರಕ್ಕೆ ಕಾರಣ.

ನಿಮ್ಮ ವೇಳಾಪಟ್ಟಿಯಲ್ಲಿ ಭಾನುವಾರ ಜನ ಕಡಿಮೆ ಇರುವ ದಿನ. ರೈಲುಗಳ ನಡುವಿನ ಅಂತರ ಹೆಚ್ಚುತ್ತದೆ, ಬಸ್ಸುಗಳ ಸಂಖ್ಯೆ ಇಳಿಯುತ್ತದೆ, ದಿನ ತಡವಾಗಿ ಶುರುವಾಗುತ್ತದೆ. ಕುಟುಂಬಗಳಿಗೆ ಮಾತ್ರ ವಾರದಲ್ಲಿ ಇರುವುದೇ ಅದೊಂದು ದಿನ. ಕಚೇರಿಗೆ ಹೋಗುವವರು ಎಷ್ಟೇ ತೊಂದರೆಯಾದರೂ ಹೋಗಿಯೇ ಹೋಗುತ್ತಾರೆ, ಹೋಗದೆ ವಿಧಿಯಿಲ್ಲ. ಊರು ನೋಡಲು ಹೊರಟವರು ಹಾಗಲ್ಲ. ಒಮ್ಮೆ ಅರ್ಧ ಗಂಟೆ ಬಿಸಿಲಿನಲ್ಲಿ ಬಸ್ಸಿಗೆ ಕಾದು ಮಕ್ಕಳು ಅತ್ತರೆ ಮುಂದಿನ ಭಾನುವಾರ ಮನೆಯಲ್ಲೇ ಉಳಿಯುತ್ತಾರೆ. ಅವರು ದೂರು ಕೊಡುವುದಿಲ್ಲ, ಆದ್ದರಿಂದ ಅವರ ಕೊರತೆ ಯಾವ ಕಡತದಲ್ಲೂ ಕಾಣುವುದಿಲ್ಲ. ಜನ ಬರುವುದಿಲ್ಲವೆಂದು ಸೇವೆ ಕಡಿಮೆ, ಸೇವೆ ಕಡಿಮೆಯೆಂದು ಜನ ಬರುವುದಿಲ್ಲ.

ನಿಮ್ಮ ಹಳಿಗಳು ಎಂತಹ ಊರಿನ ಮೇಲೆ, ಎಂತಹ ಊರಿನ ಕೆಳಗೆ ಹಾದುಹೋಗಿವೆ ಎಂಬುದನ್ನು ನೋಡಿ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ಮರಗಳ ನೆರಳಿನಲ್ಲಿ ನಡೆದರೆ ಕಾಡು ಮಲ್ಲೇಶ್ವರ. ಶಿವಾಜಿಯ ಮಲಸಹೋದರ ಏಕೋಜಿ ಕೊಟ್ಟ ದತ್ತಿಯನ್ನು ಹೇಳುವ 1669ರ ಶಾಸನ ಅಲ್ಲಿದೆ. ಎದುರಿಗೇ ನಂದಿತೀರ್ಥ. ನಂದಿಯ ಬಾಯಿಯಿಂದ ನೀರು ಇಳಿದು ಕೆಳಗಿನ ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಹರಿಯುವುದನ್ನು ಮಕ್ಕಳು ಎಷ್ಟು ಹೊತ್ತು ಬೇಕಾದರೂ ನೋಡುತ್ತ ಕೂರುತ್ತಾರೆ. ಮುಂದೆ ಚಿಕ್ಕಪೇಟೆ, ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಒಡಲು. ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಿಂದ ಹೊರಬಂದರೆ ಕೋಟೆಯ ಉಳಿದ ಗೋಡೆ, ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣ ದೇವಸ್ಥಾನ, ಅದರ ಪಕ್ಕದಲ್ಲೇ ಹೈದರಾಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ತೇಗದ ಕಂಬಗಳ ಅರಮನೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಬಸವನಗುಡಿ. ಲಾಲ್‌ಬಾಗ್‌ನಲ್ಲಿ ಇಳಿದರೆ ಕೆಂಪೇಗೌಡ ಗೋಪುರ ನಿಂತಿರುವ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಭೂಮಿಯ ವಯಸ್ಸನ್ನು ಕಪ್ಪು ಹಲಗೆಯ ಮೇಲೆ ಬರೆದು ಕಲಿಸುವುದಕ್ಕೂ ಚಪ್ಪಲಿ ಬಿಚ್ಚಿಸಿ ಆ ಬಂಡೆಯ ಮೇಲೆ ನಿಲ್ಲಿಸಿ ಕಲಿಸುವುದಕ್ಕೂ ಇರುವ ಅಂತರವನ್ನು ಶಿಕ್ಷಕಿಯಾಗಿ ನಾನು ಬಲ್ಲೆ.

ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಭಾನುವಾರ ಉದ್ಯಾನದ ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ಆದ್ದರಿಂದ ಮಕ್ಕಳ ಕೈ ಬಿಟ್ಟು ನಡೆಸಬಹುದು. ಬಾಲಭವನದ ಪುಟಾಣಿ ರೈಲು, ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಅದೇ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಆತಕೂರಿನ ಶಾಸನವಿದೆ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಗೆದ್ದರು. ಬೂತುಗನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ದೊರೆ ಬೇಕಾದದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಊರನ್ನೂ ಅಲ್ಲ, ಹೊನ್ನನ್ನೂ ಅಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ಕಟ್ಟಳೆ ಮಾಡಿದ.

ಹಿಂದೊಮ್ಮೆ ನಮ್ಮ ಬೀದಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಕಾದಾಡುವ ಕೆತ್ತನೆ ಇದೆ. ಆ ಕಥೆಯನ್ನು ಹೇಳಿ ಮುಗಿಸಿದಾಗ ಒಬ್ಬ ಹುಡುಗ, "ಮಿಸ್, ನಾಯಿಗೂ ಕಲ್ಲು ಹಾಕಿಸುತ್ತಿದ್ದರಾ?" ಎಂದು ಕೇಳಿದ. ಅವನ ಮನೆಮಾತು ಕನ್ನಡವಲ್ಲ. ಅವನ ತಂದೆ ತಾಯಿ ಕೆಲಸ ಹುಡುಕಿಕೊಂಡು ದೂರದ ರಾಜ್ಯದಿಂದ ಬಂದವರು. ಆಮೇಲೆ ಅವನು ಕಲ್ಲಿನ ಮೇಲಿನ ಹಳಗನ್ನಡದ ಅಕ್ಷರಗಳ ಮುಂದೆ ಬಗ್ಗಿ ನಿಂತು, ತನಗೆ ಗೊತ್ತಿರುವ ಅಕ್ಷರ ಯಾವುದಾದರೂ ಇದೆಯೇ ಎಂದು ಬಹಳ ಹೊತ್ತು ಹುಡುಕಿದ. ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲ, ಊರನ್ನು ತಮ್ಮದೆಂದುಕೊಳ್ಳುವುದಿಲ್ಲ ಎಂದು ನಾವು ಕೊರಗುತ್ತೇವೆ. ಆ ಮಗುವನ್ನು ಊರಿನ ಮುಂದೆ ನಿಲ್ಲಿಸಲು ಒಂದು ರೈಲು, ಒಂದು ಟಿಕೆಟ್, ದಾರಿ ತೋರಿಸುವ ಒಂದು ಫಲಕ ಸಾಕಾಗಿತ್ತು.

ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾದಾಗ ಎಲ್ಲರ ಬಾಯಲ್ಲೂ ಎಲೆಕ್ಟ್ರಾನಿಕ್ ಸಿಟಿಯ ಮಾತೇ. ಐಟಿ ಉದ್ಯೋಗಿಗಳಿಗೆ ಅದರಿಂದ ನಿಜಕ್ಕೂ ಉಪಕಾರವಾಗಿದೆ, ಸಂತೋಷ. ಅದೇ ಮಾರ್ಗದ ಬೊಮ್ಮನಹಳ್ಳಿ, ಹೊಂಗಸಂದ್ರ ನಿಲ್ದಾಣಗಳಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಬೇಗೂರು ಇದೆ ಎಂದು ಎಷ್ಟು ಮಂದಿ ಹೇಳಿದರು? ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು ಬೆಂಗಳೂರಿನ ಕಾಳಗದಲ್ಲಿ ಒಬ್ಬ ಸತ್ತನೆಂದು ಹೇಳುತ್ತದೆ. ಕೆಂಪೇಗೌಡರಿಗಿಂತ ಆರುನೂರಕ್ಕೂ ಹೆಚ್ಚು ವರ್ಷ ಮೊದಲೇ ಈ ಹೆಸರು ಕಲ್ಲಿನಲ್ಲಿದೆ. ಊರಿನ ಹೆಸರು ಬೆಂಗಳೂರು ಎಂದು ಕನ್ನಡದಲ್ಲಿ ಬರೆಯಲು ಕಲಿತ ಪ್ರತಿ ಮಗುವನ್ನೂ ಆ ಕಲ್ಲಿನ ಮುಂದೆ ಒಮ್ಮೆ ಕರೆದುಕೊಂಡು ಹೋಗಬೇಕು. ರಜೆಯ ದಿನಗಳಲ್ಲಾದರೂ ಹೊಂಗಸಂದ್ರ ನಿಲ್ದಾಣದಿಂದ ಬೇಗೂರಿಗೆ ಒಂದು ಪುಟ್ಟ ಬಸ್ಸು ಹೋಗಿಬಂದರೆ ಮೆಟ್ರೋಗೂ ಬಿಎಂಟಿಸಿಗೂ ನಷ್ಟವಾಗಲಾರದು.

ಇನ್ನು ಟಿಕೆಟ್ಟಿನ ವಿಷಯ. ಮೆಟ್ರೋದಲ್ಲಿ ಮೂರು ಅಡಿಗಿಂತ ಎತ್ತರದ ಮಗುವಿಗೆ ಪೂರ್ತಿ ದರ. ಅರ್ಧ ಟಿಕೆಟ್ ಎಂಬುದೇ ಇಲ್ಲ. ಒಂದನೇ ತರಗತಿಗೆ ಸೇರುವ ಹೊತ್ತಿಗೆ ಮಕ್ಕಳು ಮೂರು ಅಡಿ ದಾಟಿರುತ್ತಾರೆ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಊರಿನ ಒಂದು ತುದಿಯಿಂದ ಗರಿಷ್ಠ ದರದ ದೂರಕ್ಕೆ ಹೊರಟ ಅಪ್ಪ, ಅಮ್ಮ, ಇಬ್ಬರು ಮಕ್ಕಳಿಗೆ ಹೋಗಿಬರಲು 720 ರೂಪಾಯಿ. ಭಾನುವಾರ ಸ್ಮಾರ್ಟ್ ಕಾರ್ಡಿಗೆ ಹೆಚ್ಚಿನ ರಿಯಾಯಿತಿ ಕೊಟ್ಟಿದ್ದೀರಿ, ಅದು ಒಳ್ಳೆಯದೇ. ಒಂದು ಕಾರ್ಡಿನಲ್ಲಿ ಒಬ್ಬರು ಮಾತ್ರ ಗೇಟು ದಾಟಬಹುದಾದ್ದರಿಂದ ಇಡೀ ಕುಟುಂಬಕ್ಕೆ ಆ ರಿಯಾಯಿತಿ ಬೇಕೆಂದರೆ ನಾಲ್ಕು ಕಾರ್ಡು ಕೊಳ್ಳಬೇಕು. ವರ್ಷಕ್ಕೆ ನಾಲ್ಕು ಬಾರಿ ರೈಲು ಹತ್ತುವ ಮನೆಯವರು ಮಕ್ಕಳಿಗೂ ಕಾರ್ಡು ಮಾಡಿಸಿಟ್ಟುಕೊಳ್ಳುವುದಿಲ್ಲ. ಮೊಬೈಲಿನಲ್ಲಿ ಹಲವರಿಗೆ ಒಟ್ಟಿಗೆ ತೆಗೆಯುವ ಗುಂಪು ಟಿಕೆಟ್ಟಿನ ವ್ಯವಸ್ಥೆ ಈಗಾಗಲೇ ಇದೆ. ಭಾನುವಾರ ಮತ್ತು ಸಾರ್ವತ್ರಿಕ ರಜೆಗಳಲ್ಲಿ ಅದರೊಳಗೇ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅರ್ಧ ದರ ಸೇರಿಸಿ. ದರ ನಿಗದಿಗೆ ಪ್ರತ್ಯೇಕ ಸಮಿತಿ ಇದೆ ಎಂಬುದು ಗೊತ್ತು. ಅರ್ಧ ಟಿಕೆಟ್ಟಿನ ಪ್ರಸ್ತಾವವನ್ನು ಅದರ ಮುಂದೆ ಇಡಬೇಕಾದವರು ನೀವೇ.

ಬಸ್ಸಿನಲ್ಲಿ ಪರಿಸ್ಥಿತಿ ಬೇರೆ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮ ಬೀದಿಯ ಹೆಂಗಸರು ಊರು ನೋಡಲು ಶುರುಮಾಡಿದ್ದಾರೆ. ನನ್ನ ಅತ್ತೆಯವರನ್ನೇ ನೋಡಿ. ಮದುವೆಯಾಗಿ ಈ ಊರಿಗೆ ಬಂದವರು ಮನೆಯವರ ಜೊತೆಯಿಲ್ಲದೆ ಎಲ್ಲಿಗೂ ಹೋದವರಲ್ಲ. ಈಗ ಆಧಾರ್ ಕಾರ್ಡನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ಅಕ್ಕಪಕ್ಕದ ಮನೆಯ ಗೆಳತಿಯರೊಡನೆ ಗವಿ ಗಂಗಾಧರೇಶ್ವರಕ್ಕೆ, ದೊಡ್ಡ ಗಣಪತಿಗೆ ಹೋಗಿಬರುತ್ತಾರೆ. ಕಂಡಕ್ಟರ್ ಕೊಟ್ಟ ಶೂನ್ಯ ಟಿಕೆಟ್ಟನ್ನು ಮನೆಗೆ ಬರುವವರೆಗೂ ಜೋಪಾನವಾಗಿ ಹಿಡಿದುಕೊಂಡಿರುತ್ತಾರೆ. ಹೆಂಗಸರು ದುಡ್ಡಿಲ್ಲದೆ ಸುಮ್ಮನೆ ಸುತ್ತುತ್ತಾರೆ ಎಂದು ಟೀಕಿಸುವವರಿಗೆ ನನ್ನ ಉತ್ತರ ಇಷ್ಟೇ: ಜೀವಮಾನವೆಲ್ಲ ಅಡುಗೆಮನೆಯಲ್ಲಿ ಕಳೆದವರು ತಮ್ಮದೇ ಊರನ್ನು ಸುತ್ತಿ ನೋಡಿದರೆ ಅದು ಸಾರ್ವಜನಿಕ ಹಣದ ಸದ್ವಿನಿಯೋಗ.

ಬಸ್ಸಿನಲ್ಲಿರುವ ಕಷ್ಟ ದುಡ್ಡಿನದಲ್ಲ, ಮಾಹಿತಿಯದು. ಮೆಜೆಸ್ಟಿಕ್‌ನಿಂದ ಬನ್ನೇರುಘಟ್ಟಕ್ಕೆ 365ನೇ ಸಂಖ್ಯೆಯ ಬಸ್ಸು ಹೋಗುತ್ತದೆ ಎಂಬುದು ಗೊತ್ತಿದ್ದವರಿಗೆ ಗೊತ್ತು. ಮೃಗಾಲಯಕ್ಕೆ ಮಂಗಳವಾರ ರಜೆ ಎಂಬುದು ಗೇಟಿನವರೆಗೆ ಹೋಗಿ ಬೀಗ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ತಾರಾಲಯಕ್ಕೆ ಸೋಮವಾರ ರಜೆ. ಇಂತಹ ವಿವರಗಳನ್ನೆಲ್ಲ ಮೊಬೈಲಿನಲ್ಲಿ ಹುಡುಕಿಕೊಳ್ಳಿ ಎನ್ನಬೇಡಿ. ದೊಡ್ಡ ಬಸ್ ನಿಲ್ದಾಣಗಳಲ್ಲಿ ಒಂದು ಗೋಡೆಯನ್ನು ಇದಕ್ಕಾಗಿ ಬಿಟ್ಟುಕೊಡಿ. ಸ್ಥಳದ ಹೆಸರು, ಬಸ್ಸಿನ ಸಂಖ್ಯೆ, ಹತ್ತಬೇಕಾದ ಅಂಕಣ, ಇಳಿಯಬೇಕಾದ ನಿಲ್ದಾಣ, ರಜೆಯ ದಿನ, ಹಿಂದಿರುಗುವ ಕೊನೆಯ ಬಸ್ಸಿನ ಹೊತ್ತು. ಅಜ್ಜಿಯೂ ಓದಬಹುದಾದಷ್ಟು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಿ. ಕೊನೆಯ ಬಸ್ಸಿನ ಹೊತ್ತನ್ನು ಮಾತ್ರ ಮರೆಯಬೇಡಿ. ರಂಗಶಂಕರ ರಂಗಮಂದಿರದಲ್ಲಿ ಮಕ್ಕಳ ನಾಟಕ ನೋಡಿ ರಾತ್ರಿ ಮನೆ ಸೇರುವುದು ಹೇಗೆ ಎಂಬ ಚಿಂತೆಗೇ ಎಷ್ಟೋ ಮನೆಯವರು ಜೆ.ಪಿ. ನಗರದತ್ತ ತಲೆಹಾಕುವುದಿಲ್ಲ. ಅಲ್ಲಿ ನಾಟಕ ಶುರುವಾದ ಮೇಲೆ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಶಿಸ್ತು ಒಳ್ಳೆಯದು, ಆದರೆ ಬಸ್ಸು ಹೇಳಿದ ಹೊತ್ತಿಗೆ ಬಾರದ ಊರಿನಲ್ಲಿ ಅದರ ದಂಡ ಕಟ್ಟುವವರು ಬಸ್ಸನ್ನೇ ನಂಬಿದವರು.

ಮೆಟ್ರೋದಲ್ಲಿ ಗೋಡೆಯ ಜೊತೆಗೆ ಧ್ವನಿಯೂ ಇದೆ. ಹಸಿರು, ನೇರಳೆ ಮಾರ್ಗಗಳಲ್ಲಿ ನಿಲ್ದಾಣದ ಹೆಸರನ್ನು ನಿರೂಪಕಿ ಅಪರ್ಣಾ ಅವರ ಅಚ್ಚುಕಟ್ಟಾದ ಕನ್ನಡದಲ್ಲಿ ಕೇಳುತ್ತ ಬಂದವರು ನಾವು. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ರೈಲಿನಲ್ಲಿ ಓಡಾಡುವ ಎಷ್ಟೋ ಜನ ಮನೆಯವರನ್ನೇ ಕಳೆದುಕೊಂಡಂತೆ ನೊಂದರು. ನಮ್ಮ ಮಕ್ಕಳು ಆಟದಲ್ಲಿ "ಮುಂದಿನ ನಿಲ್ದಾಣ" ಎಂದು ಅದೇ ಧಾಟಿಯಲ್ಲಿ ಹೇಳುತ್ತಾರೆ. ಭಾನುವಾರಗಳಲ್ಲಿ ಆ ಪ್ರಕಟಣೆಗೆ ಒಂದೇ ಒಂದು ವಾಕ್ಯ ಸೇರಿಸಿ: ಟಿಪ್ಪು ಅರಮನೆಗೆ, ಕೋಟೆಗೆ ಇಲ್ಲಿ ಇಳಿಯಿರಿ. ನಿಲ್ದಾಣದೊಳಗೆ ಯಾವ ದ್ವಾರದಿಂದ ಹೊರಬರಬೇಕು, ಎಷ್ಟು ನಿಮಿಷ ನಡೆಯಬೇಕು ಎಂಬ ಫಲಕ ಹಾಕಿ. ಜಾಹೀರಾತಿಗೆ ಕೊಟ್ಟಿರುವ ಕಂಬಗಳಲ್ಲಿ ಒಂದು ಸಾಕು.

ನಿಲ್ದಾಣದ ಮೆಟ್ಟಿಲು ಇಳಿದ ಮೇಲಿನ ರಸ್ತೆ ನಿಮ್ಮದಲ್ಲ, ಪಾಲಿಕೆಯದು ಎಂದು ನೀವು ಹೇಳಬಹುದು. ನಗರದ ನಿಲ್ದಾಣವೊಂದರ ಹೊರಗೆ ನಾನು ಕಂಡದ್ದನ್ನು ಹೇಳುತ್ತೇನೆ. ಪಾದಚಾರಿ ಮಾರ್ಗದ ಚಪ್ಪಡಿಗಳು ಎದ್ದಿವೆ. ಅವುಗಳ ನಡುವೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ನಿಲ್ಲಿಸಿದ ಬೈಕುಗಳು. ಕಂಕುಳಲ್ಲಿ ಕೂಸನ್ನೆತ್ತಿಕೊಂಡ ತಾಯಿಯೊಬ್ಬಳು ಇನ್ನೊಂದು ಮಗುವಿನ ರಟ್ಟೆ ಹಿಡಿದು ರಸ್ತೆಗೇ ಇಳಿದು, ಬಸ್ಸು ಲಾರಿಗಳ ಮಗ್ಗುಲಲ್ಲಿ ನಡೆಯುತ್ತಿದ್ದಳು. ಅಷ್ಟು ಚೊಕ್ಕಟವಾದ ನಿಲ್ದಾಣದಿಂದ ಹೊರಬಂದ ಕೂಡಲೇ ಅವಳಿಗೆ ಈ ಗತಿ. ಲಾಲ್‌ಬಾಗ್, ಬಸವನಗುಡಿ, ಕೋಟೆ, ಮಲ್ಲೇಶ್ವರ ಇಷ್ಟೇ ನಾಲ್ಕು ಕಡೆ ನಿಲ್ದಾಣದಿಂದ ನೋಡುವ ಸ್ಥಳದವರೆಗಿನ ದಾರಿಯನ್ನು ಪಾಲಿಕೆಯೊಂದಿಗೆ ಕೂತು ಸರಿಪಡಿಸಿಕೊಡಿ. ಇಡೀ ನಗರದ ಪಾದಚಾರಿ ಮಾರ್ಗವನ್ನು ನಾನು ನಿಮ್ಮ ತಲೆಗೆ ಕಟ್ಟುತ್ತಿಲ್ಲ.

ವೇಳೆಯ ಬಗ್ಗೆ ಎರಡು ಬೇಡಿಕೆಗಳಿವೆ. ವಾರದ ದಿನಗಳಲ್ಲಿ ಬೆಳಗ್ಗೆ ಐದರ ಹೊತ್ತಿಗೆ ಹೊರಡುವ ರೈಲು ಭಾನುವಾರ ಏಳಕ್ಕೆ ಹೊರಡುತ್ತದೆ. ಹಳಿಯ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತದೆ, ಅದನ್ನು ನಿಲ್ಲಿಸದೆ ದುರಸ್ತಿಯವರು ಹಳಿಗೆ ಇಳಿಯಲಾಗದು ಎಂಬ ಅರಿವು ನನಗಿದೆ. ಆ ಕೆಲಸಗಾರರ ಸುರಕ್ಷತೆಗೆ ಕುಂದು ತರುವ ಯಾವುದನ್ನೂ ನಾನು ಕೇಳಲಾರೆ. ಆದರೂ ತಿಂಗಳಿಗೊಂದು ಭಾನುವಾರವಾದರೂ ಬೆಳಗಿನ ಜಾವ ರೈಲು ಓಡಲಿ. ಮಾರುಕಟ್ಟೆಯ ಹೂವಿನ ವ್ಯಾಪಾರವನ್ನು ಬೆಳಕು ಹರಿಯುವ ಮುನ್ನ ನೋಡಬೇಕು. ಸೇವಂತಿಗೆಯ ಗುಡ್ಡೆಗಳು, ಒದ್ದೆ ಗೋಣಿಯ ಮೇಲೆ ಸುರಿದ ಕನಕಾಂಬರ, ಸುಗಂಧರಾಜದ ಕಟ್ಟುಗಳು, ತೋಳು ಚಾಚಿ ಮಾರು ಅಳೆಯುವ ಹೆಂಗಸರು. ಏಳರ ರೈಲು ಹತ್ತಿ ಹೋದವರಿಗೆ ಸಿಗುವುದು ಅಳಿದುಳಿದ ಹೂವು ಮಾತ್ರ.

ಎರಡನೆಯದು ಕರಗ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಮಧ್ಯರಾತ್ರಿಯ ನಂತರ ಹೊರಡುವ ಕರಗ ಪೇಟೆಯ ಬೀದಿಗಳಲ್ಲಿ ಸಾಗಿ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಾಗುವ ಹೊತ್ತಿಗೆ ಹಿಂದಿರುಗುತ್ತದೆ. ಮಲ್ಲಿಗೆಯ ಪರಿಮಳ, ಖಡ್ಗ ಹಿಡಿದ ವೀರಕುಮಾರರ "ಗೋವಿಂದ, ಗೋವಿಂದ" ಕೂಗು, ಮನೆಮನೆಯ ಮಾಳಿಗೆಯ ಮೇಲೆ ಕಾದು ನಿಂತ ಜನ. ಚಿಕ್ಕಪೇಟೆ, ಮಾರುಕಟ್ಟೆ ನಿಲ್ದಾಣಗಳು ಆ ಬೀದಿಗಳ ಬಳಿಯಲ್ಲೇ ಇವೆ. ಹೊಸ ವರ್ಷದ ಹಿಂದಿನ ರಾತ್ರಿ ಹೆಚ್ಚು ಹೊತ್ತು ರೈಲು ಓಡಿಸಿದ್ದೀರಿ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯವಿದ್ದಾಗಲೂ ಓಡಿಸಿದ್ದೀರಿ. ಊರಿನ ಬಲು ಹಳೆಯ ಈ ಹಬ್ಬಕ್ಕೆ ವರ್ಷಕ್ಕೊಂದು ರಾತ್ರಿ, ಹಸಿರು ಮಾರ್ಗವೊಂದನ್ನಾದರೂ ಬೆಳಗಿನವರೆಗೆ ಓಡಿಸಿ. ಹಾಗೆಯೇ ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹೆಚ್ಚಿನ ಸಿಬ್ಬಂದಿ, ರಾತ್ರಿಯ ಹೊತ್ತಿಗೆ ಹೆಚ್ಚಿನ ಬಸ್ಸು ಒದಗಿಸಿ.

ಇದೆಲ್ಲ ಆಗದ ಮಾತಲ್ಲ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಲಾಲ್‌ಬಾಗ್ ನಿಲ್ದಾಣದಿಂದ ಎಲ್ಲಿಗೆ ಹೋದರೂ ಒಂದೇ ದರವೆಂದು ಕಾಗದದ ಟಿಕೆಟ್ ಕೊಟ್ಟವರು ನೀವೇ. ಅಂದು ಹಿಂದಿರುಗುವ ಜನ ಟಿಕೆಟ್ ಕಿಟಕಿಯಲ್ಲಿ ತಡವರಿಸದೆ ಸಲೀಸಾಗಿ ಹತ್ತಿದರು. ಆ ದಿನಗಳ ಜಾಣ್ಮೆ ವರ್ಷದ ಉಳಿದ ಭಾನುವಾರಗಳಿಗೂ ಬರಲಿ.

ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗಳಿಗೆ ಬೇಸಿಗೆ ರಜೆ. ಆ ಎರಡು ತಿಂಗಳ ಭಾನುವಾರಗಳನ್ನು ಪ್ರಯೋಗಕ್ಕೆ ಆರಿಸಿಕೊಳ್ಳಿ: ಮಕ್ಕಳಿಗೆ ಅರ್ಧ ಟಿಕೆಟ್, ಬೇಗೂರಿಗೆ ಪುಟ್ಟ ಬಸ್ಸು, ಹತ್ತು ನಿಲ್ದಾಣಗಳಲ್ಲಿ ಫಲಕ. ಎಷ್ಟು ಮಕ್ಕಳು ಬಂದರೆಂದು ಎಣಿಸಿ, ಆ ಲೆಕ್ಕವನ್ನು ಜನರ ಮುಂದೆ ಇಡಿ. ಫಲಕಗಳಿಗೆ ಬೇಕಾದ ಬರಹವನ್ನು ಆಯಾ ಬಡಾವಣೆಯ ಶಾಲೆಗಳ ಶಿಕ್ಷಕರು ಬರೆದುಕೊಡಬಲ್ಲರು. ನಾನೂ ನನ್ನ ಕೆಲವು ಸಹೋದ್ಯೋಗಿಗಳೂ ಯಾವ ಸಂಭಾವನೆಯೂ ಇಲ್ಲದೆ ಆ ಕೆಲಸಕ್ಕೆ ಸಿದ್ಧರಿದ್ದೇವೆ. ಯಾವ ಕಚೇರಿಯಲ್ಲಿ ಯಾರನ್ನು ಕಾಣಬೇಕೆಂದು ತಿಳಿಸಿ, ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ದಾಸರಹಳ್ಳಿಯ ಒಬ್ಬ ಶಾಲಾ ಶಿಕ್ಷಕಿ